ಬಾನೆಟ್ ಮೇಲಿನ ಬಸಿ

ಜುಲ್ಫಿಕರನಿಗೆ ‘ಬ್ಯಾಡ’ ಅನ್ನಲು ಬರುತ್ತಿರಲಿಲ್ಲ. ಮದುವೆ ಮನೆಯಲ್ಲಿ ಹೊಟ್ಟೆ ಬಿರಿಯುವಾಗ ಅನ್ನ ತಂದವರಿಗೂ ಅನ್ನುತ್ತಿರಲಿಲ್ಲ. ಸಿಂಧನೂರಿನ ಗ್ಯಾರೇಜ್ ಸಾಲಿನಲ್ಲಿ ಪುಕ್ಕಟೆ ಬುದ್ಧಿ ಹೇಳುವವರಿಗಂತೂ ಇಲ್ಲವೇ ಇಲ್ಲ.

ಅವನದು ಹಳೇ ಪಿಕಪ್. ಮೊದಲಿನ ಮಾಲೀಕ ದಢೇಸುಗೂರಿನ ಕಾಲುವೆ ದಂಡೆಯ ಇಳಿಜಾರಿನಲ್ಲಿ ಭತ್ತದ ಚೀಲ ಹೇರಿ ಓಡಿಸಿ ಓಡಿಸಿ, ಗಾಡಿ ಎಡಕ್ಕೆ ಕುಸಿದಿತ್ತು. ಬಸ್ಸಿನಲ್ಲಿ ನಿದ್ದೆ ಹತ್ತಿದ ಮುದುಕ ಪಕ್ಕದವನ ಹೆಗಲಿಗೆ ಒರಗಿದ ಹಾಗೆ ನಿಲ್ಲುತ್ತಿತ್ತು. ನೋಡಿದವರು ಬೇರೆ ಗಾಡಿ ಹುಡುಕುತ್ತಿದ್ದರು. ಬಾಡಿಗೆ ಹೀಗೇ ತಪ್ಪುತ್ತಿದ್ದರೆ ಗಾಡಿ ಮಾರಿ ಭಾವನ ಚಪ್ಪಲಿ ಅಂಗಡಿಯಲ್ಲಿ ಕೂರು ಎಂದು ತಾಯಿ ಜಮೀಲಾಬೀ ಖಡಾಖಂಡಿತ ಹೇಳಿಬಿಟ್ಟಿದ್ದಳು.

ಅಂದು ಬೆಳಿಗ್ಗೆ ಮಸ್ಕಿಯಿಂದ ತಾಯಿಯ ತಂಗಿ, ಖಾಲಾ ಇಮಾಮ್‌ಬೀ ಫೋನ್ ಮಾಡಿದಳು. ಅವಳ ಪಕ್ಕದ ಮನೆಯ ವೀರಭದ್ರಮ್ಮ ರೊಟ್ಟಿ ಮಾಡಿಸಿ ದಿನಾ ಲಿಂಗಸುಗೂರಿನ ಖಾನಾವಳಿಗಳಿಗೆ ಮುಟ್ಟಿಸುವಾಕೆ. ಯಾರನ್ನೂ ನಂಬದೆ ತಾನೇ ಮುಂದೆ ಕೂತು ಹೋಗುವಾಕೆ. ವರ್ಷಪೂರ್ತಿ ಬಾಡಿಗೆ. ಖಾಲಾ ಆಕೆಗೆ ಇವನ ಗಾಡಿಯ ವಿಷಯ ಎಲ್ಲ ಹೇಳಿದ್ದಳು, ಸಂಜೆ ತಂದು ತೋರಿಸಬೇಕಿತ್ತು.

“ಗಾಡಿಗೆ ಏನೂ ಮಾಡಸಬ್ಯಾಡ ಅಂದಾಳ. ಹೆಂಗೈತೋ ಹಂಗ ತರಬೇಕಂತ.”

ಜುಲ್ಫಿಕರ ಈ ಮಾತನ್ನು ಜಂಬಣ್ಣನ ಚಹಾದಂಗಡಿಯಲ್ಲಿ ಹೇಳಿದ್ದೇ ತಪ್ಪಾಯಿತು. ಜಂಬಣ್ಣ ಚಹಾ ಸೋಸುತ್ತಲೇ ನಕ್ಕ.

“ಬೀಗರಿಗೆ ಏನೂ ತರಬ್ಯಾಡ್ರಿ ಅಂತೀವಿ. ಖರೇನ ಬರಿಗೈಲೆ ಬಂದ್ರ ಊರ ತುಂಬ ಆಡ್ಕೋತೀವಿ. ಇದೂ ಹಂಗಲೇ. ದೊಡ್ಡವರು ಬಾಯಿ ಮಾತಿಗೆ ಅಂತಾರ. ಗಾಡಿ ನೆಟ್ಟಗ ಮಾಡಿಸ್ಕೊಂಡು ಹೋಗು.”

ಅಲ್ಲಿದ್ದವರೆಲ್ಲ ಹೌದೆಂದರು. ಜುಲ್ಫಿಕರನೂ ಹೌದೆಂದ.

ಗಾಡಿಯ ಭಾರ ಹೊರುವ ಕಮಾನ್ ಪಟ್ಟಿಗಳ ಕೆಲಸದ ದಸ್ತಗೀರ್‌ಸಾಬ್ ಹಿಂದಿನ ಎಡಗಡೆಯ ಸೋತ ಪಟ್ಟಿಗಳನ್ನೆಲ್ಲ ಬಿಚ್ಚಿ ಬಿಸಾಡಿ, ದಪ್ಪನೆಯ ಹೊಸವು ಕೂರಿಸಿದ. ಜಂಬಣ್ಣ ಬಸಿಯ ತುಂಬ ಚಹಾ ಸುರಿದು ಬಾನೆಟ್ ಮೇಲಿಟ್ಟ. ಗಾಡಿ ನೆಟ್ಟಗಿದ್ದರೆ ಚಹಾ ಚೆಲ್ಲಬಾರದು, ಅದು ಅವನ ಲೆಕ್ಕ. ಚಹಾ ಬಲಕ್ಕೆ ಹರಿಯಿತು.

ಬಲಗಡೆಯ ಪಟ್ಟಿಗಳ ಕೆಳಗೆ ಕಬ್ಬಿಣದ ಪ್ಯಾಕಿಂಗ್ ಬಿತ್ತು. ಈಗ ಹಿಂಭಾಗ ಎದ್ದು, ಗಾಡಿ ಕೆರೆಗೆ ಬಾಯಿ ಹಾಕಿದ ಎಮ್ಮೆಯಂತಾಯಿತು. ಚಹಾ ಮುಂದಕ್ಕೆ ಹರಿಯಿತು.

ಅಷ್ಟೊತ್ತಿಗೆ ಟೈರ್ ಅಂಗಡಿಯ ಚಾಂದ್‌ಪಾಷಾ ಎದ್ದು ಬಂದ. ಮುಂದೆ ದೊಡ್ಡ ಟೈರ್ ಹಾಕಿದರೆ ಮುಗಿಯಿತೆಂದ. ಮುಂದಕ್ಕೂ ಪ್ಯಾಕಿಂಗೇ ಸರಿ ಎಂದು ದಸ್ತಗೀರ್‌ಸಾಬ್ ಹಟ ಹಿಡಿದ. ಇಬ್ಬರೂ ಅಪ್ಪನ ಕಾಲದಿಂದ ಬೇಕಾದವರು. ಯಾರ ಮನಸ್ಸೂ ನೋಯಬಾರದೆಂದು ಜುಲ್ಫಿಕರ ಎರಡನ್ನೂ ಮಾಡಿಸಿದ. ಗಾಡಿ ಕೂಗುವ ಹುಂಜದ ಹಾಗೆ ಕತ್ತೆತ್ತಿತು, ಚಹಾ ಗಾಜಿಗೆ ಬಡಿಯಿತು. ಕಡೆಗೆ ಹಿಂದಕ್ಕೂ ದೊಡ್ಡ ಟೈರ್ ಬಂದವು. ಕೈಯಲ್ಲಿ ರೊಕ್ಕವಿರಲಿಲ್ಲ. ಹಳೇ ಪಟ್ಟಿ, ಹಳೇ ಟೈರು, ಸ್ಟೆಪ್ನಿ, ಕೊನೆಗೆ ಹಾಡು ಕೇಳುವ ಡೆಕ್ಕನ್ನೂ ಬಿಚ್ಚಿಕೊಟ್ಟ. ಉಳಿದದ್ದಕ್ಕೆ ಉದ್ರಿ ಹೇಳಿದ.

ಈ ಸಲ ಬಸಿಯ ಚಹಾ ಅಲುಗಲಿಲ್ಲ. ಎಲ್ಲರೂ ಕೈಕಟ್ಟಿ ನೋಡಿದರು. ಜಂಬಣ್ಣ ಆ ಬಸಿಯನ್ನು ಜುಲ್ಫಿಕರನ ಕೈಗೇ ಕೊಟ್ಟು, ಅಲ್ಲಿಯೂ ಇಟ್ಟು ತೋರಿಸು ಎಂದ.

ಮಸ್ಕಿಯಲ್ಲಿ ವೀರಭದ್ರಮ್ಮ ರೊಟ್ಟಿಯ ಗಂಟು ಹಿಡಿದು, ಕೋಲೂರಿಕೊಂಡು ಕಾಯುತ್ತಿದ್ದಳು. ಜುಲ್ಫಿಕರ ಖಾಲಾನಿಂದ ಚಹಾ ಕೇಳಿ ಹಾಕಿಸಿಕೊಂಡು ಬಸಿಯನ್ನು ಬಾನೆಟ್ ಮೇಲಿಟ್ಟ. ವೀರಭದ್ರಮ್ಮ ಬಸಿಯತ್ತ ನೋಡಲೇ ಇಲ್ಲ. ಎಡಗಡೆಯ ಬಾಗಿಲು ತೆಗೆಸಿ ಕಾಲೆತ್ತಿದಳು. ಮುಟ್ಟಲಿಲ್ಲ. ಬಾಗಿಲು ಹಿಡಿದು ಮತ್ತೊಮ್ಮೆ ಎತ್ತಿದಳು. ಮುಟ್ಟಲಿಲ್ಲ. ಖಾಲಾ ಸ್ಟೂಲ್ ತಂದಿಟ್ಟಳು. ಸ್ಟೂಲನ್ನೂ ಹತ್ತಬೇಕಲ್ಲ, ಮೊಣಕಾಲು ಅಷ್ಟೂ ಮಡಚಲಿಲ್ಲ. ಆಕೆ ಕಟ್ಟೆಯ ಮೇಲೆ ಕೂತುಬಿಟ್ಟಳು.

“ಇಮಾಮ್‌ಬೀ, ನಿಮ್ಮ ಹುಡುಗನ ಗಾಡಿ ಎಡಕ್ಕ ಕುಂತೈತಿ ಅಂದಿದ್ದಿಯಲ್ಲ?”

“ಕುಂತಿತ್ರಿ ಅಮ್ಮಾ,” ಜುಲ್ಫಿಕರ ಹೆಮ್ಮೆಯಿಂದಲೇ ಹೇಳಿದ. “ಎಬ್ಬಿಸೀನಿ.”

ವೀರಭದ್ರಮ್ಮ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

“ಮೊಣಕಾಲು ಆಪರೇಶನ್ ಆಗೈತಪ್ಪ. ಯಾವ ಗಾಡಿ ಹತ್ತಬೇಕಂದ್ರೂ ಇಬ್ಬರು ಗಂಡಸರು ಎತ್ತಿ ಕುಂದರಸ್ತಾರ, ಚೀಲ ಹೇರಿದಂಗ. ಮಂದಿ ನೋಡ್ತಾರ. ನಿನ್ನ ಗಾಡಿ ಬಾಗಿ ನಿಂದರತೈತಿ ಅಂತ ಇಮಾಮ್‌ಬೀ ಅಂದ್ಲು. ನಾನ ಹತ್ತೀನು ಅಂತ ಆಸಿ ಆತು. ಅದಕ್ಕ ಅಂದಿದ್ದೆ, ಏನೂ ಮಾಡಸಬ್ಯಾಡ ಅಂತ.”

ಜುಲ್ಫಿಕರ ಅಲ್ಲಿಂದಲೇ ದಸ್ತಗೀರ್‌ಸಾಬನಿಗೆ ಫೋನ್ ಹಚ್ಚಿ ಹಳೇ ಪಟ್ಟಿ ಕೇಳಿದ. ಅವು ಮಧ್ಯಾಹ್ನವೇ ಗುಜರಿ ಲಾರಿ ಹತ್ತಿ ಹೋಗಿದ್ದವು. ಹೊಸವು ಸೋತು ಬಾಗಲು ಎಷ್ಟು ದಿನ ಬೇಕೆಂದು ಕೇಳಿದ. ದಸ್ತಗೀರ್‌ಸಾಬ್ ತನ್ನ ಕೆಲಸವನ್ನು ಹಂಗಿಸುತ್ತಿದ್ದಾನೆಂದು ತಿಳಿದು, ಇವನ ಮಕ್ಕಳ ಕಾಲಕ್ಕೂ ಬಾಗುವುದಿಲ್ಲವೆಂದು ಆಣೆ ಮಾಡಿದ.

ವೀರಭದ್ರಮ್ಮ ರೊಟ್ಟಿ ಗಂಟು ಅವನ ಕೈಗಿತ್ತು, ಹಸಗೊಂಡು ಹೋಗಬ್ಯಾಡ ಎಂದಳು. ಅದಕ್ಕೂ ಅವನಿಗೆ ಬ್ಯಾಡ ಅನ್ನಲು ಬರಲಿಲ್ಲ.

ಹೋದದ್ದು ಇಷ್ಟು: ಎಡಗಡೆಯ ಪಟ್ಟಿಗಳು, ನಾಲ್ಕು ಟೈರು, ಒಂದು ಸ್ಟೆಪ್ನಿ, ಒಂದು ಡೆಕ್ಕು, ಒಂದು ವರ್ಷದ ಬಾಡಿಗೆ, ಮುಂದಿನ ವಾರ ತಾಯಿಯ ಮಾತಿನಂತೆ ಮಾರಿದ ಗಾಡಿ, ಮತ್ತು ಒಬ್ಬ ಹೆಂಗಸಿಗೆ ತಾನೇ ಹತ್ತಿ ಕೂರುವ ಆಸೆ. ಬಸಿಯಿಂದ ಚಹಾ, ಒಂದು ಹನಿಯೂ ಇಲ್ಲ.