ರಸ್ತೆಗೂ ಒಂದು ಹಾಸಿಗೆ

ರಸ್ತೆ ಕೆಲಸದವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಯಲಲ್ಲಿ ನಿಂತವನ ಹತ್ತಿರ ಅದು ತಾನಾಗಿಯೇ ನಡೆದು ಬರುತ್ತದೆ, ಒಮ್ಮೊಮ್ಮೆ ಎಮ್ಮೆ ಹೊಡೆದುಕೊಂಡೂ ಬರುತ್ತದೆ. ಸ್ವಾತಂತ್ರ್ಯ ಬಂದ ಮೇಲಿನ ವರ್ಷಗಳಲ್ಲಿ ನಾನು ಮುಂಡರಗಿ ಕಡೆ ರಸ್ತೆ ಗ್ಯಾಂಗಿನ ಮುಕದ್ದಮನಾಗಿದ್ದೆ. ಕೈಕೆಳಗೆ ಹತ್ತು ಆಳು, ತಲೆಯ ಮೇಲೆ ಒಬ್ಬ ಓವರಸಿಯರ್ ಸಾಹೇಬರು.

೧. ಪುಣ್ಯವಂತ ರಸ್ತೆ

ಹಮ್ಮಿಗಿಗೆ ಹೋಗುವ ದಾರಿಯಲ್ಲಿ ಒಂದು ಫರ್ಲಾಂಗು ಎರೆ ನೆಲವಿತ್ತು. ಬೇಸಿಗೆಯಲ್ಲಿ ಹಾಕಿದ ಜಲ್ಲಿ ಖಡಿಯನ್ನೆಲ್ಲ ಅದು ಮಳೆಗಾಲದಲ್ಲಿ ಗುಳುಂ ಅನಿಸಿಬಿಡುತ್ತಿತ್ತು. ಗಾಡಿ ಅಚ್ಚಿನ ತನಕ ಹೂತುಹೋಗುವುದರಿಂದ, ಬೇನೆ ಬಿದ್ದವರನ್ನು ಊರವರು ಹೊರಸಿನ ಮೇಲೆ ಹೊತ್ತು ಆ ಕೆಸರು ದಾಟಿಸಬೇಕಾಗಿತ್ತು.

ನಮ್ಮ ಸಾಹೇಬರಿಗೆ ಇನ್ನೂ ಮೂವತ್ತಾಗಿರಲಿಲ್ಲ. ಅವರು ಯಾವುದೋ ಪುಸ್ತಕದಲ್ಲಿ ಓದಿಕೊಂಡು ಬಂದು ಹೇಳಿದರು: "ಮಣ್ಣಿಗೂ ಕಲ್ಲಿಗೂ ನಡುವ ಒಂದು ಅರಿವಿ ಇದ್ರ ಸಾಕು ಮುಕದ್ದಮರ. ನೀರು ಸೋಸಿ ಹೊಕ್ಕತಿ, ಕಲ್ಲು ಅಲ್ಲೇ ನಿಂದರತಾವ."

ಸರಿ, ಹಳೆಯ ಗೋಣಿ ಚೀಲ ಬಿಚ್ಚಿ ಹಾಸತೊಡಗಿದೆವು. ಸಗಣಿ ಬುಟ್ಟಿ ಹೊತ್ತ ಒಬ್ಬ ಮುದುಕಿ ನಿಂತಳು.

"ಏನ್ ಮಾಡಾಕತ್ತೀರೋ ಯಪ್ಪಾ?"

"ರಸ್ತಾಕ್ಕ ಹಾಸಗಿ ಹಾಸಾಕತ್ತೇವಬೇ ಯವ್ವಾ" ಅಂದೆ.

ಅವಳು ಬುಟ್ಟಿ ಇಳಿಸಿದಳು. "ನನ್ನ ಸೊಸಿ ಮನಿಗೆ ಬಂದು ಆರು ವರ್ಷ ಆತು. ಒಂದಿನಾ ನನಗ ಹಾಸಿಕೊಟ್ಟಿಲ್ಲ. ಈ ರಸ್ತಾ ಏನ್ ಪುಣ್ಯಾ ಮಾಡಿತ್ತೋ!"

ಸಾಹೇಬರ ಕರುಳು ಚುರ್ ಅಂದಿತು. ಒಂದು ದಪ್ಪನೆಯ ಗೋಣಿ ಆರಿಸಿ, ಝಾಡಿಸಿ, ಮಡಚಿ ಅವಳ ಕೈಗಿಟ್ಟರು. ಮುದುಕಿ ಅದನ್ನು ಎದೆಗವಚಿಕೊಂಡು ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಕೊಟ್ಟಿರಿ, ಛಲೋ ಆತು. ಹಾಸಾಕ ಯಾರನ್ನ ಕಳಸ್ತೀರಿ?"

೨. ಒಳಗಿನ ಹೊಲಿಗೆ

ಬಿಚ್ಚಿದ ಚೀಲಗಳನ್ನು ಒಂದಕ್ಕೊಂದು ಕೂಡಿಸಿ ಹೊಲಿಯಲು ಲಕ್ಷ್ಮೇಶ್ವರದ ಒಬ್ಬ ಚಾಚಾ ಬಂದಿದ್ದರು. ಗದಗಿನ ಪ್ಯಾಟಿಯಲ್ಲಿ ಹತ್ತಿಯ ಚೀಲ ಹೊಲಿದು ಹಣ್ಣಾದ ಕೈ. ಬೇವಿನ ಗಿಡದ ನೆರಳಲ್ಲಿ ಕುಂತು, ದಬ್ಬಣದಲ್ಲಿ ಸುತಳಿ ಪೋಣಿಸಿ, ಪ್ರತಿಯೊಂದು ಅಂಚನ್ನೂ ಮಡಚಿ ಎರಡೆರಡು ಸಲ ಹೊಲಿಯುತ್ತಿದ್ದರು. ನನಗೋ ಅವಸರ.

"ಚಾಚಾ, ಇದರ ಮ್ಯಾಲ ಖಡಿ ಬೀಳತೈತಿ. ಯಾರ ನೋಡಬೇಕಾಗೇತಿ? ಜಲ್ದಿ ಮುಗಸ್ರಲಾ."

ಚಾಚಾ ಚಾಳೀಸು ತೆಗೆದು ನನ್ನನ್ನು ನೋಡಿದರು. "ಮುಕದ್ದಮರ, ಅಂಗಿ ಒಳಗ ಯಾರೂ ನೋಡೂದಿಲ್ಲಂತ ನೀವು ಹರಕ ಬನೀನು ಹಾಕ್ಕೋತೀರೇನು?"

ಖರೆ ಹೇಳಬೇಕೆಂದರೆ ಅಂದು ಹಾಕಿಕೊಂಡದ್ದು ಅದನ್ನೇ. ನಾನು ಕೊರಳ ಗುಂಡಿ ಹಾಕಿಕೊಂಡೆ. ಅಂಥ ಉರಿ ಬಿಸಿಲಲ್ಲೂ ಬಿಚ್ಚಲಿಲ್ಲ. ಸಂಜೆ ಚಾಚಾ ಗಂಟು ಕಟ್ಟಿಕೊಂಡು ಎದ್ದವರು ನನ್ನ ಹತ್ತಿರ ಬಂದು, ಯಾರಿಗೂ ಕೇಳದಂತೆ ಅಂದರು:

"ಬಿಚ್ಚಿ ಕೊಡ್ರಿ, ಹೊಲಿದ ಹೋಗತೀನಿ. ಆದ್ರ ನನ್ನ ಕಡೆ ಇರೋದು ಸುತಳಿ ಒಂದ. ತುರಿಸಿದ್ರ ನನ್ನ ಬೈಬ್ಯಾಡ್ರಿ."

೩. ಪಂಕ್ತಿ

ಒಮ್ಮೆ ಎಣ್ಣೆ ಗಾಣದಿಂದ ಚೀಲ ಬಂದವು. ಶೇಂಗಾ ಹಿಂಡಿ ತುಂಬಿಟ್ಟಿದ್ದ ಚೀಲ ಎಂಬುದು ನಮ್ಮ ಲಕ್ಷ್ಯಕ್ಕೆ ಬರಲಿಲ್ಲ. ಹಾಸಿ, ರೊಟ್ಟಿ ತಿನ್ನಲು ಹೋಗಿ ಬರುವಷ್ಟರಲ್ಲಿ ಊರ ದನಗಳೆಲ್ಲ ಸಾಲಾಗಿ ನಿಂತು ಗೋಣಿ ನೆಕ್ಕುತ್ತಿದ್ದವು. ಒಂದು ಎಮ್ಮೆಯಂತೂ ಮೂಲೆ ಕಡಿದು, ಅದರ ಮೇಲೆಯೇ ಮಲಗಿ ಮೆಲುಕು ಹಾಕುತ್ತಿತ್ತು.

ಸಾಹೇಬರು ಯಾರಿಗೂ ಏಕವಚನದಲ್ಲಿ ಮಾತಾಡಿದವರಲ್ಲ. ಎಮ್ಮೆಯ ಮುಂದೆ ನಿಂತು ಗಾಬರಿಯಲ್ಲಿ, "ಏಳ್ರಿ... ಸ್ವಲ್ಪ ಏಳ್ರಿ" ಅಂದುಬಿಟ್ಟರು.

ದನ ಕಾಯುವ ಹೆಣ್ಣುಮಗಳು ಸೊಂಟದ ಮೇಲೆ ಕೈಯಿಟ್ಟಳು. "ಹಾಸಿ ಬಡಿಸಿದೋರು ನೀವು. ಪಂಕ್ತಿಯಿಂದ ನಡುವ ಎಬ್ಬಸಬಾರದ್ರೀ ಸಾಹೇಬ್ರ, ಪಾಪ ಹತ್ತತೈತಿ."

೪. ಮೈಸೂರಿನ ಕಿವಿ

ಎರಡು ಮಳೆಗಾಲ ಆ ಫರ್ಲಾಂಗು ಕದಲಲಿಲ್ಲ. ಅಷ್ಟರಲ್ಲಿ ಏಕೀಕರಣವಾಯಿತು. ಮುಂಬಯಿಗೆ ಹೋಗುತ್ತಿದ್ದ ನಮ್ಮ ಕಾಗದಗಳು ಬೆಂಗಳೂರಿಗೆ ಹೋಗತೊಡಗಿದವು. ಅವುಗಳ ಜೊತೆ ಯಾರೋ ಹೆಸರಿಲ್ಲದೆ ಬರೆದ ಒಂದು ದೂರೂ ಹೋಯಿತು: ಹಮ್ಮಿಗಿ ರಸ್ತೆಯ ಹೊಟ್ಟೆಯಲ್ಲಿ ಏನೇನೋ ತುಂಬಿದ್ದಾರೆ ಎಂದು.

ವಿಚಾರಣೆಗೆ ಮೈಸೂರು ಕಡೆಯ ದೊಡ್ಡ ಸಾಹೇಬರು ಬರುವ ದಿನ ನಮ್ಮ ಸಾಹೇಬರಿಗೆ ಊಟ ಸೇರಲಿಲ್ಲ. ತಮ್ಮ ಬುತ್ತಿಯನ್ನು ಗ್ಯಾಂಗಿಗೆ ಹಂಚಿ, "ನಾ ಇರತೀನೋ ಇಲ್ಲೋ. ಮಳಿಗಾಲದಾಗ ಈ ದಾರಿ ನೋಡ್ಕೊಂಡಿರ್ರಿ" ಅಂದರು. ನಮ್ಮ ಗ್ಯಾಂಗಿನ ಹಿರಿಯಳು, ಅಜ್ಜಿ ವಯಸ್ಸಿನವಳು, ಸೆರಗಿನಿಂದ ಕಣ್ಣೊರಸಿಕೊಂಡಳು.

ದೊಡ್ಡ ಸಾಹೇಬರು ಕೈಯಲ್ಲೊಂದು ಬೆತ್ತ ಹಿಡಿದು ಜೀಪಿನಿಂದ ಇಳಿದರು. "ಈ ರಸ್ತೆಯ ಕೆಳಗೆ ಏನಿದೆ?"

ನಮ್ಮ ಸಾಹೇಬರು ಇನ್ನೂ ಕಾಗದ ಹುಡುಕುತ್ತಿದ್ದರು. ಅಜ್ಜಿಯೇ ಮುಂದೆ ಬಂದಳು. ನಮ್ಮಲ್ಲಿ ಗೋಣಿ ಬಟ್ಟೆಗೆ ತಟ್ಟು ಅನ್ನುತ್ತಾರೆ, ದೊಡ್ಡವರ ಮುಂದೆ ಒಂದು 'ರಿ' ಹಚ್ಚುತ್ತಾರೆ. ಹಾಗಾಗಿ ಅವಳು ಮರ್ಯಾದೆಯಿಂದ ಹೇಳಿದಳು:

"ತಟ್ಟ್ರಿ."

ದೊಡ್ಡ ಸಾಹೇಬರು ಬಗ್ಗಿ ಬೆತ್ತದಿಂದ ರಸ್ತೆಗೆ ತಟ್ಟಿದರು. ಟಕ್! "ತಟ್ಟಿದೆ. ಏನಿದೆ ಹೇಳಮ್ಮ."

"ತಟ್ಟ್ರಿ ಸಾಹೇಬ್ರ."

ಟಕ್! ಟಕ್! "ಆಯ್ತಲ್ಲಮ್ಮ, ಏನಿದೆ?"

ಇವರಿಗೆ ಕಿವಿ ಮಂದ ಎಂದುಕೊಂಡ ಅಜ್ಜಿ ದನಿ ಏರಿಸಿದಳು: "ತಟ್ಟ್ರೀ! ಈ ತುದಿಯಿಂದ ಆ ತುದಿ ತನಕ ಬರೇ ತಟ್ಟ್ರೀ!"

ಪಾಪ, ದೊಡ್ಡ ಸಾಹೇಬರು ಹೊರಟೇಬಿಟ್ಟರು. ಹೆಜ್ಜೆಗೊಮ್ಮೆ ಬಗ್ಗುವುದು, ತಟ್ಟುವುದು. ಆ ತುದಿ ಮುಟ್ಟಿ ತಿರುಗಿ ಬರುವಾಗ ಕೋಟು ಹೆಗಲ ಮೇಲಿತ್ತು, ಒಂದು ಕೈ ಸೊಂಟದ ಮೇಲಿತ್ತು.

"ಪೂರ್ತಿ ತಟ್ಟಿ ನೋಡಿದೆ. ಎಲ್ಲೂ ಟೊಳ್ಳಿಲ್ಲ. ಬಹಳ ಗಟ್ಟಿ ಕೆಲಸ ಮಾಡಿದ್ದೀರಿ" ಎಂದವರೇ ಜೀಪಿನ ಮೂತಿಯ ಮೇಲೆ ಕಾಗದವಿಟ್ಟು ಸಹಿ ಹಾಕಿದರು.

ನಾವೆಲ್ಲ ಉಸಿರು ಬಿಟ್ಟೆವು. ನಮ್ಮ ಸಾಹೇಬರು ಮಾತ್ರ ಸುಳ್ಳು ಅರಗಿಸಿಕೊಳ್ಳುವ ಜೀವವಲ್ಲ. ಕೈ ಜೋಡಿಸಿ ಮುಂದೆ ಬಂದರು. "ಸರ್, ಒಂದು ಮಾತು. ಅಕಿ ಹೇಳಿದ್ದು ಏನಂದ್ರ, ತಟ್ಟು..."

ದೊಡ್ಡ ಸಾಹೇಬರು ಬೆತ್ತವನ್ನು ಜೀಪಿನೊಳಗೆ ಎಸೆದು, ತಾವೂ ಹತ್ತಿ ಕುಂತು, ಎರಡೂ ಕೈ ಎತ್ತಿ ಮುಗಿದರು:

"ಬೇಡಪ್ಪಾ, ಇನ್ನು ನನ್ನ ಕೈಲಾಗಲ್ಲ!"