ಚೀಟಿ ಇಲ್ಲದ ಹೊಸ ಮಾಲು

ಗಂಗಾವತಿಯ ಗಿರಣಿಯೊಂದರಲ್ಲಿ ಅಕ್ಕಿಯ ಗುಣ ನೋಡುವ ಪ್ರಭುರಾಜ ಹದಿನೈದು ವರ್ಷದಿಂದ ಗಿರಾಕಿಗಳಿಗೆ ಜಪಿಸುತ್ತ ಬಂದದ್ದು ಒಂದೇ ಮಂತ್ರ: ಹೊಸ ಅಕ್ಕಿ ಮುದ್ದೆಯಾಗುತ್ತದೆ, ವರ್ಷ ಹಳತಾದದ್ದನ್ನೇ ಒಯ್ಯಿರಿ. ಇಂಥ ಮಹಾಜ್ಞಾನಿ ಮನೆಯ ಕಂಪ್ಯೂಟರ್ ವಿಷಯದಲ್ಲಿ ಮಾತ್ರ ಹೊಸದೆಂದರೆ ಬಾಯಿ ಬಿಡುತ್ತಿದ್ದ. (ಬುದ್ಧಿಯನ್ನು ಗಿರಣಿಯಲ್ಲೇ ಬಿಟ್ಟು ಬರುತ್ತಾನೆಂಬುದು ಹೆಂಡತಿ ಲಲಿತಾಳ ಬಹುಕಾಲದ ಅನುಮಾನ.)

ಲಲಿತಾ ಮನೆಯಲ್ಲೇ ಜಂಪರು, ಅಂದರೆ ರವಿಕೆ, ಹೊಲಿಯುತ್ತಾಳೆ. ಅಳತೆ ಬರೆಯಲು ಒಂದು ವಹಿ, ಬಟ್ಟೆಗೊಂದು ಹೆಸರಿನ ಚೀಟಿ, ಇದು ಅವಳ ಪದ್ಧತಿ. ಹೋದ ವರ್ಷ ಪ್ರಭುರಾಜ ಇದೆಲ್ಲ ಅಜ್ಜಿ ಕಾಲದ್ದೆಂದು ನಕ್ಕು, ಇನ್ನು ಅಳತೆಗಳು ಕಂಪ್ಯೂಟರಿನಲ್ಲೇ ಇರತಕ್ಕದ್ದೆಂದು ಫರ್ಮಾನು ಹೊರಡಿಸಿ, ವಹಿಯನ್ನು ರದ್ದಿಗೆ ಹಾಕಿದ. ಅವಳು ಹೂಂ ಅಂದಿದ್ದಳು.

ಆ ಮಡಚುವ ಕಂಪ್ಯೂಟರಿನಲ್ಲಿದ್ದದ್ದು ಪುಕ್ಕಟೆ ಸಿಗುವ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಆಪರೇಟಿಂಗ್ ಸಿಸ್ಟಂ. ಹಾಕಿಕೊಟ್ಟವನು ಕೊಪ್ಪಳದ ಕಂಪ್ಯೂಟರ್ ಮಾಸ್ತರ ನಜೀಬ. ಇದನ್ನು ಬರೆಯುವವರು ದಿನಾ ತಿದ್ದುತ್ತಿರುತ್ತಾರೆ, ಪರೀಕ್ಷೆಯಲ್ಲಿ ಗೆದ್ದದ್ದಕ್ಕೆ ಮಾತ್ರ ನಂಬರಿನ ಟ್ಯಾಗ್ ಕಟ್ಟುತ್ತಾರೆ, ಟ್ಯಾಗ್ ಇದ್ದದ್ದನ್ನೇ ಇಳಿಸಿಕೊಳ್ಳಿ ಎಂದು ಅವನು ಗಂಡ ಹೆಂಡತಿ ಇಬ್ಬರೆದುರೂ ಎರಡು ಸಲ ಹೇಳಿದ್ದ. ಭಾನುವಾರ ಪ್ರಭುರಾಜ ನಸುಕಿಗೇ ಎದ್ದು, ಟ್ಯಾಗ್ ಬಿಟ್ಟು, ಅಂದೇ ತಿದ್ದಿದ ತಾಜಾ ಮಾಲನ್ನು ಇಳಿಸಿ, ಕಂಪ್ಯೂಟರಿಗೆ ಅರ್ಥವಾಗುವಂತೆ ಕಟ್ಟಿ, ಹಾಕಿದ. ಹನ್ನೊಂದಕ್ಕೆ ಕಂಪ್ಯೂಟರ್ ಎರಡು ಸಾಲು ಬಿಳಿ ಅಕ್ಷರ ಕಾರಿ ಸ್ತಬ್ಧವಾಯಿತು.

ಕುಷ್ಟಗಿಯ ಅನೀಸಾ ಮಗಳ ಮದುವೆಗೆ ಹೊಲಿಯಲು ಕೊಟ್ಟ ಹನ್ನೊಂದು ಜಂಪರು ಒಯ್ಯಲು ಸಂಜೆಯೇ ಬರುವವಳು. ನಾಲ್ಕನ್ನು ಇನ್ನೂ ಕತ್ತರಿಸಿರಲಿಲ್ಲ. ಅಳತೆಯೆಲ್ಲ ಈ ಹೆಣದ ಹೊಟ್ಟೆಯಲ್ಲಿ! ಮತ್ತೆ ಅಳತೆ ಕೇಳಿದರೆ ಲಲಿತಾಳ ಹೆಸರು ಕುಷ್ಟಗಿಯ ತನಕ ಕೆಡುತ್ತದೆ.

"ಆ ನಾಲ್ಕು ಜಂಪರ್‌ಗೆ ಅವಸರ ಐತೇನು?" ಎಂದು ಆದಷ್ಟು ಸಹಜವಾಗಿ ಕೇಳಿದ.

"ಯಾಕ್ರಿ, ಕಂಪ್ಯೂಟರ್ ಮುನಿಸ್ಕೊಂಡೈತೇನು?" ಎಂದು ಲಲಿತಾ ಹೊಲಿಗೆಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ನಜೀಬನಿಗೆ ಫೋನು ಹೋಯಿತು. ಹೊಸದು ಛಲೋ ಇರುತ್ತದೆಂದು ಟ್ಯಾಗ್ ಬಿಟ್ಟೆನೆಂದು ಪ್ರಭುರಾಜ ಒಪ್ಪಿಕೊಂಡ.

"ಸಾಹುಕಾರ್ರ, ಇವತ್ತ ಗಿರಣಿಯಿಂದ ಬಿದ್ದ ಹೊಸ ಅಕ್ಕಿ ನನಗ ಕೊಡ್ತಿದ್ರೇನು ನೀವು?"

ಮುಂದೇನು ಮಾಡಲಿ ಎಂದಷ್ಟೇ ಕೇಳಿದ ಪ್ರಭುರಾಜ. ಸಿಸ್ಟಂನ ತಿರುಳು, ಅಂದರೆ ಹಳೆಯ ಕರ್ನಲ್, ಪಕ್ಕದಲ್ಲೇ ಉಳಿದಿರುತ್ತದೆ, ಅದರಿಂದ ಎಬ್ಬಿಸಿ, ಟ್ಯಾಗ್ ಇದ್ದದ್ದನ್ನು ತಂದು ಮೊದಲಿನಿಂದ ಕಟ್ಟಿರಿ, ಮುಗಿಯುವ ತನಕ ಬೇರೆ ಯಾವ ಕಡತವನ್ನೂ ಮುಟ್ಟಬೇಡಿರಿ ಎಂದ ನಜೀಬ. ಕಟ್ಟಲು ಐದು ತಾಸು. ಪ್ರಭುರಾಜ ಹೇಮಗುಡ್ಡದ ದುರ್ಗಮ್ಮನಿಗೆ ಒಂದು ಕಾಯಿ ಹರಕೆ ಹೊತ್ತ. ತಾಸಿಗೊಂದರಂತೆ ಅದು ಐದಾಯಿತು. ಒಳಗಿನಿಂದ ಹೊಲಿಗೆ ಮಷೀನಿನ ಟಕಟಕ ಕೇಳುತ್ತಿತ್ತು. ಪಾಪ, ಅಂದಾಜಿನ ಮೇಲೆ ಹೊಲಿಯುತ್ತಿದ್ದಾಳೆ! ಮದುವೆಯ ನಡುವೆ ಯಾರದಾದರೂ ತೋಳು ಪರ್ರೆಂದರೆ?

ಐದಕ್ಕೆ ಕಂಪ್ಯೂಟರ್ ಕಣ್ಣು ಬಿಟ್ಟಿತು. ಪ್ರಭುರಾಜ ಅದನ್ನು ಎತ್ತಿಕೊಂಡೇ ಒಳಗೆ ಓಡಿದ. ಮಂಚದ ಮೇಲೆ ಹನ್ನೊಂದು ಜಂಪರು ಇಸ್ತ್ರಿಯಾಗಿ ಕುಳಿತಿದ್ದವು. ಪ್ರತಿಯೊಂದರ ಮಡಿಕೆಯಲ್ಲಿ ಒಂದೊಂದು ಚೀಟಿ.

"ವಹಿ ರದ್ದಿಗಿ ಹೋದ ದಿನದಿಂದ ಅಳತಿ ಚೀಟಿ ಮ್ಯಾಲೇ ಬರೀತೀನ್ರಿ," ಎಂದಳು ಲಲಿತಾ.

ಹಾಗಾದರೆ ಕಂಪ್ಯೂಟರಿನಲ್ಲಿ ಏನಿದೆ? ಅವನು ಅಲ್ಲೇ ಅಳತೆಯ ಕಡತ ತೆರೆದ. ಇದ್ದದ್ದು ಒಂದೇ ಹೆಸರು, ಅವನದೇ. ಯುಗಾದಿ, ಸೊಂಟ ಮೂವತ್ನಾಲ್ಕು. ದಸರಾ, ಮೂವತ್ತಾರು. ದೀಪಾವಳಿ, ಮೂವತ್ತೆಂಟು. ಸಂಕ್ರಾಂತಿ, ನಲವತ್ತು.

"ನಿಮ್ಮ ಪ್ಯಾಂಟಿನ ಹೊಲಿಗಿ ಬಿಚ್ಚಿ ಸಡ್ಲ ಮಾಡಿದಾಗೆಲ್ಲ ಬರದೀನಿ. ಎಲ್ಲಾದಕ್ಕೂ ಹಬ್ಬದ ಟ್ಯಾಗ್ ಐತಿ. ಯುಗಾದಿಗೆ ವಾಪಸ್ ಹೋಗಾಕ ಬರ್ತೈತೇನು, ನಜೀಬ ಮಾಸ್ತರ್ನ ಕೇಳ್ರಿ."

ಬಾಗಿಲಲ್ಲಿ ಅನೀಸಾಳ ನಗು ಕೇಳಿಸಿತು. ಪ್ರಭುರಾಜ ಹೊಟ್ಟೆ ಒಳಗೆಳೆದುಕೊಂಡು ಕಂಪ್ಯೂಟರ್ ಆರಿಸಿದ.