ಕಾಕಾನ ಕಾಯುವ ಡಬ್ಬಿ

ಯಂತ್ರ ಓಡಿಸುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಯಂತ್ರಕ್ಕೆ ಕಾಯುವುದನ್ನು ಕಲಿಸಿದ ಮನುಷ್ಯನನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಬರೀ ನೋಡಿದ್ದಲ್ಲ, ಧಾರವಾಡದ ಸಪ್ತಾಪುರದ ಅವನ ಮನೆಯಲ್ಲೇ ಇದ್ದು, ಅವನ ಸ್ಕೂಟರಿನ ಹಿಂದೆ ಕೂತು ಹುಬ್ಬಳ್ಳಿ ಹತ್ತಿರದ ತಾರಿಹಾಳದ ಫ್ಯಾಕ್ಟರಿಗೆ ಟೈಪಿಸ್ಟ್ ಕೆಲಸಕ್ಕೆ ಹೋಗಿದ್ದೇನೆ. ಅವನು ನಮ್ಮ ಕಾಕಾ, ಅಪ್ಪನ ತಮ್ಮ, ಆ ಫ್ಯಾಕ್ಟರಿಯ ಎಲೆಕ್ಟ್ರಿಷಿಯನ್.

ತೊಂಬತ್ತರ ದಶಕದ ಕೊನೆಯ ಮಾತು. ಅಲ್ಲಿ ಬಾಟಲಿಗಳ ಪ್ಲಾಸ್ಟಿಕ್ ಮುಚ್ಚಳಗಳು ತಯಾರಾಗುತ್ತಿದ್ದವು. ಬೆಳಿಗ್ಗೆ ಮೊದಲು ಹೀಟರ್, ಅದು ಕಾದ ಮೇಲೆ ಪಂಪು, ಆಮೇಲೆ ಅಚ್ಚು, ಕೊನೆಗೆ ಬೆಲ್ಟು, ಹೀಗೆ ಒಂದಾದ ಮೇಲೊಂದು ಸ್ವಿಚ್ ಹಾಕಬೇಕು. ಕಾಕಾ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಇದನ್ನೆಲ್ಲ ತಾನೇ ಮಾಡುವ ಒಂದು ತಗಡಿನ ಡಬ್ಬಿ ಕಟ್ಟಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನಿಗೆ ಮಾತ್ರ ಸಮಾಧಾನವಿಲ್ಲ! ಓಡುವುದೇನು ದೊಡ್ಡಸ್ತಿಕೆ, ಹೇಳಿದ ತಾರೀಖು ಹೇಳಿದ ಹೊತ್ತಿನವರೆಗೆ ಸುಮ್ಮನೆ ಕೂತು, ಆಮೇಲೆ ಯಾರೂ ಎಬ್ಬಿಸದೆ ಏಳಬೇಕು, ಅದು ಜಾಣತನ ಎಂದ. ಡಬ್ಬಿಗೆ ಒಂದು ಗಡಿಯಾರ, ನಾಲ್ಕು ಗುಂಡಿ ಸೇರಿಸಿದ. ರಜೆ ಬಂದರೆ ಮತ್ತೆ ಏಳುವ ತಾರೀಖು ಕೊಟ್ಟರಾಯಿತು, ಅಲ್ಲಿಯವರೆಗೆ ಎಲ್ಲ ಬಂದ್.

ಮೊದಲ ಪರೀಕ್ಷೆ ಹೋಳಿಗೆ ಬಂತು. ಧಾರವಾಡದವರು ಹುಣ್ಣಿಮೆಯ ಮರುದಿನವೇ ಬಣ್ಣ ಆಡಿ ಮುಗಿಸುತ್ತಾರೆ, ಹುಬ್ಬಳ್ಳಿಯವರು ರಂಗಪಂಚಮಿಯವರೆಗೆ ತಡೆಯುತ್ತಾರೆ. ಕಾಕಾ ಡಬ್ಬಿಗೆ ಕೊಟ್ಟದ್ದು ನಮ್ಮ ಧಾರವಾಡದ ಬಣ್ಣದ ರಜೆ! ಅವತ್ತು ಹುಬ್ಬಳ್ಳಿಯ ಕೆಲಸಗಾರರೆಲ್ಲ ಬಂದು, ಮಲಗಿದ ಮಷೀನಿನ ಮುಂದೆ ಸಾಲಾಗಿ ನಿಂತರು. ಮಾಲೀಕರು ಬೈದರು. ಬೈಸಿಕೊಳ್ಳುವ ಗಡಿಬಿಡಿಯಲ್ಲಿ ಕಾಕಾ ರಂಗಪಂಚಮಿಯ ತಾರೀಖು ಕೊಡುವುದನ್ನೇ ಮರೆತ. ಆ ದಿನ ವಾಚ್‌ಮನ್ ಮನೆಗೆ ಫೋನ್ ಮಾಡಿದ.

"ಸಾಹೇಬ್ರ, ಒಳಗ ಒಬ್ರೂ ಇಲ್ರಿ. ಮಷೀನ್ ಒಂದ ಡ್ಯೂಟಿಗೆ ಬಂದೈತ್ರಿ."

"ಎಷ್ಟಕ್ಕ ಬಂತು?"

"ಏಳಕ್ರಿ."

"ನೋಡು, ಒಂದು ಮಿನಿಟ್ ಲೇಟಿಲ್ಲ," ಎಂದು ಕಾಕಾ ಹೆಮ್ಮೆಯಿಂದ ನನ್ನತ್ತ ತಿರುಗಿದ. ನಾವು ಹೋಗಿ ಮುಟ್ಟುವಷ್ಟರಲ್ಲಿ ವಾಚ್‌ಮನ್ ಮೊಣಕಾಲುದ್ದ ಮುಚ್ಚಳಗಳಲ್ಲಿ ನಿಂತಿದ್ದ.

ಮನೆಯಲ್ಲೂ ಇದೇ ಹುಚ್ಚು. ಅವನ ಹೆಂಡತಿ, ನಮ್ಮ ಕಾಕು, ಜಗಳ ತೆಗೆದರೆ, ಇದನ್ನು ರವಿವಾರ ಸಂಜೆ ನಾಲ್ಕರವರೆಗೆ ನಿಲ್ಲಿಸೋಣ ಅನ್ನುತ್ತಿದ್ದ. ರವಿವಾರ ನಾಲ್ಕಕ್ಕೆ ಸರಿಯಾಗಿ ಅವಳೆದುರು ಬಂದು ಕೂತು, "ಹೂಂ, ಶುರು ಮಾಡು" ಅನ್ನುತ್ತಿದ್ದ! ಅಷ್ಟೊತ್ತಿಗೆ ಕಾಕುಗೆ ಕಾರಣವೇ ಮರೆತಿರುತ್ತಿತ್ತು. ಪಾಪ, ಕಾಕಾನೇ ನೆನಪು ಮಾಡಿಕೊಟ್ಟು ಬೈಸಿಕೊಳ್ಳುತ್ತಿದ್ದ.

ಎರಡು ವರ್ಷ ಹೀಗೇ ಕಳೆಯಿತು. ಒಂದು ಬೆಳಿಗ್ಗೆ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಕೈತುಂಬ ಆರ್ಡರ್ ಇರುವಾಗ, ಮಷೀನು ಏಳಲೇ ಇಲ್ಲ. ನೋಡಿದರೆ ಡಬ್ಬಿಯಲ್ಲಿ ಮರುದಿನ ಏಳು ಗಂಟೆಯವರೆಗೆ ತಡೆ ಹಾಕಿದೆ. ಮಾಲೀಕರು ಮುಖ ಕೆಂಪಗೆ ಮಾಡಿಕೊಂಡು ಬಂದರು. ಮತ್ತೆ ತಾರೀಖು ತಪ್ಪಿದಿರಾ, ಹೀಗಾದರೆ ನಿಮ್ಮನ್ನು ಇಟ್ಟುಕೊಳ್ಳುವುದು ಕಷ್ಟ ಎಂದರು.

"ತಪ್ಪಿಲ್ರಿ," ಎಂದ ಕಾಕಾ ಮೆಲ್ಲಗೆ. "ಬೇಕಂತ ನಾನ ನಿಲ್ಲಿಸೇನಿ. ಇವತ್ತ ಈರಪ್ಪನವರ ನೌಕರೀದು ಕಡೀ ದಿನಾ."

ಡಬ್ಬಿ ಬರುವ ಮೊದಲು ಇಪ್ಪತ್ತು ವರ್ಷ ದಿನವೂ ಆ ಮಷೀನು ಶುರು ಮಾಡುತ್ತಿದ್ದವರು ಈರಪ್ಪನವರು. ಮಷೀನಿಗೆ ವಿಭೂತಿ ಹಚ್ಚಿ, ಕೈಮುಗಿದು, ಆಮೇಲೇ ಸ್ವಿಚ್ಚು. ಡಬ್ಬಿ ಬಂದ ಮೇಲೆ ಅವರನ್ನು ರಟ್ಟಿನ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸಲು ಕೂರಿಸಿದ್ದರು. ಅವರು ಗೇಟಿಗೆ ಬರುವಷ್ಟರಲ್ಲಿ ಮಷೀನು ಓಡುತ್ತಿರುತ್ತಿತ್ತು. ದೂರದಿಂದಲೇ ಕೈಮುಗಿದು ಹೋಗುತ್ತಿದ್ದರು. ಕಾಕಾನಿಗೆ ಒಮ್ಮೆಯೂ ಒಂದು ಮಾತು ಅಂದವರಲ್ಲ.

ಮಾಲೀಕರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಕಾಕಾ ಡಬ್ಬಿಯ ತಂತಿ ಬಿಡಿಸಿ ಹಳೆಯ ಸ್ವಿಚ್ಚುಗಳಿಗೆ ಕರೆಂಟ್ ಕೊಟ್ಟ. ಈರಪ್ಪನವರು ಕೈ ತೊಳೆದು ಬಂದು, ಹೀಟರ್ ಹಾಕಿ, ಅದು ಕಾಯುವವರೆಗೆ ಪಕ್ಕದಲ್ಲೇ ನಿಂತರು. ಅರ್ಧ ತಾಸು. ನಾವೆಲ್ಲರೂ ನಿಂತೆವು, ಮಾಲೀಕರೂ ನಿಂತರು. ಆಮೇಲೆ ಪಂಪು, ಅಚ್ಚು, ಬೆಲ್ಟು. ಕ್ರಮ ತಪ್ಪಲಿಲ್ಲ. ಮೊದಲ ಮುಚ್ಚಳ ಬಿತ್ತು. ಅವರು ಅದನ್ನೆತ್ತಿ ಅಂಗೈಯಲ್ಲಿ ಹೊರಳಿಸಿ ಕಾಕಾನ ಕಡೆ ನೋಡಿದರು.

"ಬರಾಬರಿ ಆತೇನ್ರಿ?"

ತನ್ನ ಡಬ್ಬಿಯ ಮುಂದೆ ಯಾರನ್ನೂ ಲೆಕ್ಕಕ್ಕೆ ಇಡದ ನಮ್ಮ ಕಾಕಾ, ನೆಲ ನೋಡುತ್ತ ಹೇಳಿದ:

"ನನ್ನ ಡಬ್ಬಿಗಿಂತ ಛಲೋ ಆತ್ರಿ."